ಮಕ್ಕಳ ತೂಕ ನಿರ್ವಹಣೆ: ಬಹುಮಾನ ಯಾವುದಕ್ಕೆ, ಎಲ್ಲಿಯವರೆಗೆ

ತೂಕ ನಿರ್ವಹಣೆಯ ತರಗತಿಗೆ ಮೊದಲ ಮೂರು ವಾರ ಉತ್ಸಾಹದಿಂದ ಬಂದ ಮಗು ಆರನೆಯ ವಾರ ಹೊಟ್ಟೆನೋವಿನ ನೆಪ ಹೇಳಿದರೆ ಅದನ್ನು ಸೋಮಾರಿತನವೆಂದು ಬೈಯಬಾರದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಮಾರ್ಗಸೂಚಿಯಲ್ಲಿ 3ರಿಂದ 12 ತಿಂಗಳ ಅವಧಿಯಲ್ಲಿ ಕನಿಷ್ಠ 26 ಗಂಟೆಗಳ ಮುಖಾಮುಖಿ ತರಬೇತಿ ಇರಬೇಕೆಂದು ಹೇಳಿದೆ. ಇಷ್ಟು ದೀರ್ಘ ಕೆಲಸದ ಫಲ ಎಂದೋ ಸಿಗುವಂಥದ್ದು, ಕಷ್ಟ ಮಾತ್ರ ಇವತ್ತಿನದು. ಎಂಟು ವರ್ಷದ ಮಗು ಈ ಲೆಕ್ಕಾಚಾರಕ್ಕೆ ಒಪ್ಪುವುದಿಲ್ಲ. ಅದಕ್ಕಾಗಿಯೇ ಸಣ್ಣ ಬಹುಮಾನಗಳು ಬೇಕು. ಆದರೆ ಅದಕ್ಕೂ ಮೊದಲು ಮಕ್ಕಳ ವೈದ್ಯರಿಂದ ಎತ್ತರ, ತೂಕಗಳನ್ನು ಬೆಳವಣಿಗೆಯ ಪಟ್ಟಿಯಲ್ಲಿ ಗುರುತಿಸಿಕೊಳ್ಳಿ. ಕಣ್ಣಂದಾಜಿನಲ್ಲಿ ಪಥ್ಯ ಆರಂಭಿಸಬೇಡಿ.

ಬಹುಮಾನವನ್ನು ಇಳಿದ ಕಿಲೋಗಳಿಗೆ ಕೊಡಬೇಡಿ. ಬೆಳೆಯುತ್ತಿರುವ ಎಷ್ಟೋ ಮಕ್ಕಳಲ್ಲಿ ತೂಕ ಇದ್ದಲ್ಲೇ ನಿಂತು ಎತ್ತರ ಹೆಚ್ಚಿದರೂ ಅದೇ ಸುಧಾರಣೆ. ತೂಕದ ಯಂತ್ರ ತೋರಿಸುವ ಸಂಖ್ಯೆ ಮಗುವಿನ ಕೈಯಲ್ಲಿಲ್ಲ. ಅದಕ್ಕೆ ಬಹುಮಾನವಿದೆ ಎಂದು ಗೊತ್ತಾದರೆ ತೂಗುವ ದಿನ ಬೆಳಗ್ಗೆ ತಿಂಡಿ ಬಿಡುವುದನ್ನು ಮಗು ಬೇಗನೆ ಕಲಿಯುತ್ತದೆ. ತರಗತಿಗೆ ಬಂದದ್ದು, ಸಂಜೆ ಆಡಿದ್ದು, ಜ್ಯೂಸಿನ ಬದಲು ನೀರು ಕುಡಿದದ್ದು ಮಗುವಿನ ಕೈಯಲ್ಲಿರುವ ಕೆಲಸಗಳು. ಅವುಗಳಲ್ಲಿ ಎರಡನ್ನು, ಹೆಚ್ಚೆಂದರೆ ಮೂರನ್ನು ಆರಿಸಿಕೊಂಡು ಎಣಿಸಲು ಬರುವ ಹಾಗೆ ಬರೆದಿಡಿ. ‘ಚೆನ್ನಾಗಿ ಆಡಬೇಕು’ ಎಂದು ಬರೆದರೆ ದಿನವೂ ಜಗಳವಾಗುತ್ತದೆ. ‘ಟಿವಿ ಹಾಕುವ ಮೊದಲು ಅರ್ಧ ಗಂಟೆ ಹೊರಗೆ ಆಟ’ ಎಂದು ಬರೆದರೆ ಜಗಳಕ್ಕೆ ಜಾಗವಿಲ್ಲ.

ನನ್ನ ಅಕ್ಕನ ಮನೆಯಲ್ಲಿ ಇದಕ್ಕೆ ಬಳಸಿದ್ದು ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಕ್ಯಾಲೆಂಡರನ್ನೇ. ಪ್ರತಿ ಚೌಕದ ಕೆಳಮೂಲೆಯಲ್ಲಿ ಮಗ ಹಸಿರು ಪೆನ್ನಿನಿಂದ ತನ್ನ ಗುರುತನ್ನು ತಾನೇ ಹಾಕುತ್ತಿದ್ದ. ಗುರುತು ಅದೇ ದಿನ ಬೀಳಬೇಕು, ಮಗುವಿನ ಕೈಯಿಂದಲೇ ಬೀಳಬೇಕು. ಐದು ಗುರುತಿಗೆ ಒಂದು ಚಿಕ್ಕ ಬಹುಮಾನ, ಇಪ್ಪತ್ತಕ್ಕೆ ಸ್ವಲ್ಪ ದೊಡ್ಡದು. ತಪ್ಪಿದ ದಿನದ ಚೌಕ ಖಾಲಿ ಇರಲಿ. ಒಮ್ಮೆ ಗಳಿಸಿದ ಗುರುತನ್ನು ಬೇರೆ ಯಾವ ತಪ್ಪಿಗೂ ಅಳಿಸಬೇಡಿ. ಅಳಿಸಿದ ದಿನವೇ ಮಗುವಿಗೆ ಈ ಒಪ್ಪಂದದ ಮೇಲಿನ ನಂಬಿಕೆ ಹೋಗುತ್ತದೆ.

ತಿನಿಸು ಎಂದಿಗೂ ಬಹುಮಾನವಾಗಬಾರದು. 1980ರ ದಶಕದಲ್ಲಿ ಲೀಆನ್ ಬರ್ಚ್ ಮತ್ತು ಸಹೋದ್ಯೋಗಿಗಳು ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬಹುಮಾನವಾಗಿ ಕೊಟ್ಟ ತಿನಿಸು ಮಕ್ಕಳಿಗೆ ಇನ್ನಷ್ಟು ಪ್ರಿಯವಾಯಿತು. ಬಹುಮಾನ ಪಡೆಯಲೆಂದು ಸೇವಿಸಬೇಕಾಗಿ ಬಂದದ್ದು ಅಪ್ರಿಯವಾಯಿತು. ‘ಪಲ್ಯ ತಿಂದರೆ ಐಸ್‌ಕ್ರೀಮ್’ ಎಂಬ ನಮ್ಮ ಮನೆಮಾತು ಒಂದೇ ಏಟಿಗೆ ಈ ಎರಡು ತಪ್ಪುಗಳನ್ನೂ ಮಾಡುತ್ತದೆ. ಮೊಬೈಲ್ ಸಮಯವೂ ಬೇಡ, ಅದು ಮತ್ತೆ ಕೂರಿಸುತ್ತದೆ. ಸ್ಕಿಪ್ಪಿಂಗ್ ಹಗ್ಗ, ಶಟಲ್ ಬ್ಯಾಟು, ಈಜುಕೊಳದ ಟಿಕೆಟ್ ಒಳ್ಳೆಯವು. ಅವುಗಳಿಗಿಂತ ಒಳ್ಳೆಯದು ದೊಡ್ಡವರ ಜೊತೆಗಿನ ಸಮಯ. ಏನು ಬೇಕೆಂದು ಮಗುವನ್ನೇ ಕೇಳಿ. ಅಕ್ಕ ರಿಮೋಟ್ ಕಾರು ಕೊಡಿಸಲು ಹೊರಟಿದ್ದಳು. ಮಗ ಕೇಳಿದ್ದು ತಂಗಿಯನ್ನು ಬಿಟ್ಟು ಅಪ್ಪನೊಬ್ಬನ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕೆಂದು. ಮೊದಲ ಸಲ ನಂದಿಯವರೆಗೆ ಹತ್ತಿ ಇಳಿದರು.

ಹಿರಿಯರು ಹೊರಗೆ ನಿಂತು ಲೆಕ್ಕ ಮಾತ್ರ ನೋಡಿದರೆ ಈ ಏರ್ಪಾಡು ನಿಲ್ಲುವುದಿಲ್ಲ. ಲೆನರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು 6ರಿಂದ 12 ವರ್ಷದ ಮಕ್ಕಳನ್ನು ಹತ್ತು ವರ್ಷ ಗಮನಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡವಳಿಕೆಯ ಬದಲಾವಣೆಗೂ ತೂಕದ ಇಳಿಕೆಗೂ ಮಗು ಮತ್ತು ಪಾಲಕರು ಇಬ್ಬರನ್ನೂ ಪ್ರೋತ್ಸಾಹಿಸಿದ ಗುಂಪಿನ ಮಕ್ಕಳು, ಕೇವಲ ಹಾಜರಿಗೆ ಪ್ರೋತ್ಸಾಹ ಪಡೆದ ಕುಟುಂಬಗಳ ಮಕ್ಕಳಿಗಿಂತ ಬಹಳ ಮುಂದಿದ್ದರು. ಅದು ತಜ್ಞರ ನಿಗಾದಲ್ಲಿ ನಡೆದ ಚಿಕಿತ್ಸೆಯಾದ್ದರಿಂದ ತೂಕಕ್ಕೆ ಬಹುಮಾನ ಕೊಡುವ ಅದರ ಭಾಗವನ್ನು ಮನೆಗೆ ತರುವುದು ಬೇಡವೆಂದೇ ನನ್ನ ಅಭಿಪ್ರಾಯ. ಆದರೆ ಹಾಜರಿಯೊಂದೇ ಸಾಲದು, ಅಪ್ಪ ಅಮ್ಮನಿಗೂ ಕ್ಯಾಲೆಂಡರಿನಲ್ಲಿ ಒಂದು ಮೂಲೆ ಇರಬೇಕು ಎಂಬುದನ್ನು ತೆಗೆದುಕೊಳ್ಳಲೇಬೇಕು. ಮೊಮ್ಮಗ ಸೊರಗಿದನೆಂದು ಗುಟ್ಟಾಗಿ ಚಕ್ಕುಲಿ ಕೊಡುವ ಅಜ್ಜಿಗೆ ಕ್ಯಾಲೆಂಡರಿನ ಪೆನ್ನನ್ನು ಕಾಯುವ ಜವಾಬ್ದಾರಿ ಒಪ್ಪಿಸಿ. ಅವರನ್ನು ಹೊರಗಿಟ್ಟರೆ ಡಬ್ಬಿಯ ಮುಚ್ಚಳ ತೆರೆಯುತ್ತಲೇ ಇರುತ್ತದೆ.

ಗುಂಪು ನಡೆಸುವವರು ಎಲ್ಲರೆದುರು ತೂಗಬಾರದು, ತೂಕದ ಸ್ಪರ್ಧೆಯನ್ನೂ ಇಡಬಾರದು. ಶಾಲೆಯಲ್ಲಿ ‘ಡುಮ್ಮ’ ಎಂದು ಕರೆಸಿಕೊಂಡು ಬಂದ ಮಗುವಿಗೆ ಇಲ್ಲಿ ಕೊನೆಯ ಸ್ಥಾನ ಸಿಕ್ಕರೆ ಅದು ಮತ್ತೆ ಬರುವುದಿಲ್ಲ. ಬಂದ ಪ್ರತಿಯೊಂದು ಮಗುವೂ ಡಬ್ಬದಿಂದ ಒಂದು ಚೀಟಿ ಎತ್ತಲಿ: ‘ಇವತ್ತಿನ ಆಟ ನೀನೇ ಆರಿಸು’, ‘ಒಂದು ಚೆಂಡು’, ‘ತಂಡದ ನಾಯಕ’. ಖರ್ಚು ಕಡಿಮೆ, ಕುತೂಹಲ ಹೆಚ್ಚು.

ಮಗು ಈಗಾಗಲೇ ಇಷ್ಟಪಟ್ಟು ಆಡುವ ಆಟವನ್ನು ಪಟ್ಟಿಗೆ ಸೇರಿಸಬೇಡಿ. 1973ರಲ್ಲಿ ಪ್ರಕಟವಾದ, ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ನಡೆದ ಪ್ರಯೋಗದಲ್ಲಿ, ಚಿತ್ರ ಬಿಡಿಸಿದರೆ ಪ್ರಮಾಣಪತ್ರ ಕೊಡುವುದಾಗಿ ಮೊದಲೇ ಹೇಳಿಸಿಕೊಂಡ ಮಕ್ಕಳು ನಂತರ ತಾವಾಗಿ ಬಿಡಿಸುವುದನ್ನು ಕಡಿಮೆ ಮಾಡಿದರು. ಅನಿರೀಕ್ಷಿತವಾಗಿ ಪಡೆದವರು ಹಾಗೆ ಮಾಡಲಿಲ್ಲ. ಆದ್ದರಿಂದ ಅಭ್ಯಾಸ ಕುದುರಿದ ಮೇಲೆ, ಸುಮಾರು ಮೂರನೆಯ ತಿಂಗಳಿನಿಂದ, ಹೇಳಿ ಕೊಡುವ ಬಹುಮಾನವನ್ನು ವಿರಳಗೊಳಿಸುತ್ತ ಹೇಳದೆ ಕೊಡುವುದಕ್ಕೆ ತಿರುಗಿ. ಮಗು ಊಟ ಬಿಡುವುದು, ತಿಂಡಿ ಅಡಗಿಸಿಡುವುದು, ಕನ್ನಡಿ ಕಂಡರೆ ಮುಖ ತಿರುಗಿಸುವುದು ಕಂಡರೆ ಮಾತ್ರ ಪಟ್ಟಿಯನ್ನು ಅಂದೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಹಸಿರು ಗುರುತು ಹಾಕುವುದನ್ನು ಮಗುವೇ ಮರೆಯತೊಡಗಿದರೆ ನೆನಪಿಸಲು ಹೋಗಬೇಡಿ. ಸಂಜೆ ಹೊರಗೆ ಆಡುತ್ತಿದೆಯೇ ಎಂದು ಕಿಟಕಿಯಿಂದ ಒಮ್ಮೆ ನೋಡಿದರೆ ಸಾಕು.