ರದ್ದಾದ ಗ್ರಾಮೀಣ ವಿಧಾನಸಭಾ ಕ್ಷೇತ್ರದ ಚುನಾವಣಾ ಇತಿಹಾಸ ಬರೆಯುವುದು ಹೇಗೆ?

2004ರ ವಿಧಾನಸಭಾ ಚುನಾವಣೆ, ಸಂತೆಮರಹಳ್ಳಿ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಮತ. ಮುಂದಿನ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಸೋಲು-ಗೆಲುವಿನ ಲೆಕ್ಕ ತೀರಿಸಿಕೊಳ್ಳಲು ಆ ಕ್ಷೇತ್ರವೇ ಉಳಿದಿರಲಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೆಮರಹಳ್ಳಿಯಂತೆ ಸಾತನೂರು, ಹೊಸನಗರ, ಬನ್ನೂರು, ಕಿರುಗಾವಲು, ಹುಲಿಯೂರುದುರ್ಗ, ಕಳ್ಳಂಬೆಳ್ಳ, ಭರಮಸಾಗರ, ವಿಟ್ಲ, ಬ್ರಹ್ಮಾವರ, ಅಂಕೋಲಾ ಹೆಸರಿನ ಕ್ಷೇತ್ರಗಳೂ ನಕ್ಷೆಯಿಂದ ಹೋದವು.

ಇಂಥ ಕ್ಷೇತ್ರಗಳ ಬಗ್ಗೆ ಬರೆಯಲು ಕೂತವರು ಸಾಮಾನ್ಯವಾಗಿ ಗೆದ್ದವರ ಪಟ್ಟಿಯೊಂದನ್ನು ಎಲ್ಲಿಂದಲೋ ಎತ್ತಿ, ವರ್ಷ-ಹೆಸರು-ಪಕ್ಷ ಎಂದು ಮೂರು ಕಾಲಂ ಮಾಡಿ ಮುಗಿಸುತ್ತಾರೆ. ಆ ಪಟ್ಟಿಯಲ್ಲಿ ಅರ್ಧ ಸುಳ್ಳು ಸೇರಿರುತ್ತದೆ. ಹೆಸರು ಅದೇ ಇದ್ದರೂ ಅದರೊಳಗಿನ ಹಳ್ಳಿಗಳು ಬದಲಾಗಿರುತ್ತವೆ ಎಂಬುದೇ ಕಾರಣ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಗಡಿಯಿಂದ.

ಮೊದಲು ಹೋಬಳಿ, ಆಮೇಲೆ ಶಾಸಕ

ಕ್ಷೇತ್ರ ಮರುವಿಂಗಡಣೆ ಆದೇಶಗಳನ್ನು ಮೊದಲು ತೆಗೆದಿಟ್ಟುಕೊಳ್ಳಿ. ಕ್ಷೇತ್ರದಲ್ಲಿ ಯಾವ ತಾಲ್ಲೂಕು, ಯಾವ ಹೋಬಳಿ, ಯಾವ ಪುರಸಭೆ ಇದೆ ಎಂದು ಆದೇಶ ಬಿಡಿಸಿ ಹೇಳುತ್ತದೆ. ಹೋಬಳಿ ಒಡೆದಿದ್ದರೆ ಹಳ್ಳಿಯ ಮಟ್ಟಕ್ಕೂ ಇಳಿಯುತ್ತದೆ. ಕರ್ನಾಟಕದ ಮಟ್ಟಿಗೆ ಗಡಿಯ ಕಾಲಘಟ್ಟಗಳನ್ನು ಹೀಗೆ ಕತ್ತರಿಸಿಕೊಂಡರೆ ಗೊಂದಲ ಇರುವುದಿಲ್ಲ: 1952, ರಾಜ್ಯ ಪುನರ್ವಿಂಗಡಣೆಯ ನಂತರದ 1957, ದ್ವಿಸದಸ್ಯ (ಇಬ್ಬರನ್ನು ಆರಿಸುತ್ತಿದ್ದ) ಕ್ಷೇತ್ರ ಒಡೆದ ಮೇಲಿನ 1962, 1967 ಮತ್ತು 1972, 1978ರಿಂದ 2004ರವರೆಗಿನ ಏಳು ಚುನಾವಣೆ, 2008ರಿಂದ ಈಚೆಗೆ. ಒಂದು ಕಾಲಘಟ್ಟದೊಳಗಿನ ಅಂಕಿಗಳನ್ನು ಧೈರ್ಯವಾಗಿ ಹೋಲಿಸಬಹುದು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕೋಷ್ಟಕದಲ್ಲಿ ದಪ್ಪ ಗೆರೆ ಎಳೆಯಿರಿ.

1978-2004ರ ಅವಧಿ ಇಷ್ಟು ಉದ್ದವಾದದ್ದು ತಾನಾಗಿ ಅಲ್ಲ. 1976ರ 42ನೇ ತಿದ್ದುಪಡಿ ಮರುವಿಂಗಡಣೆಯನ್ನು 2001ರ ಜನಗಣತಿ ಆಗುವವರೆಗೆ ತಡೆಹಿಡಿದಿತ್ತು. ಅಷ್ಟರಲ್ಲಿ ಬೆಂಗಳೂರಿನ ಸುತ್ತಲಿನ ಕ್ಷೇತ್ರಗಳು ಊದಿಕೊಂಡವು, ಹಳ್ಳಿಗಾಡಿನವು ಇದ್ದಲ್ಲೇ ಇದ್ದವು. 2008ರ ಮರುವಿಂಗಡಣೆ ಮಾಡಿದ ಕುಲದೀಪ್ ಸಿಂಗ್ ಆಯೋಗ ಆ ಲೆಕ್ಕ ಸರಿಮಾಡಲು ಹೊರಟಾಗ ಒಟ್ಟು 224 ಸ್ಥಾನ ಹಾಗೇ ಇರಬೇಕಿತ್ತು, ಬೆಂಗಳೂರಿನ ಪಾಲು ಮಾತ್ರ 28ಕ್ಕೆ ಏರಿತು. ಅಲ್ಲಿ ಕೂಡಿದ್ದನ್ನು ಬೇರೆಲ್ಲೋ ಕಳೆಯಲೇಬೇಕಲ್ಲ. ನಿಮ್ಮ ಕ್ಷೇತ್ರ ಯಾಕೆ ಹೋಯಿತು ಎಂಬುದಕ್ಕೆ ಸ್ಥಳೀಯ ಪಿತೂರಿಯ ಕಥೆ ಹತ್ತು ಸಿಗಬಹುದು. ಈ ಲೆಕ್ಕವನ್ನು ಬರೆದ ಮೇಲೆ ಬೇಕಿದ್ದರೆ ಅವನ್ನು ಬರೆಯಿರಿ.

ಹೋಬಳಿಗಳನ್ನು ಇಳಿಸಿಕೊಳ್ಳುವಾಗ ಆಗುವ ಎಡವಟ್ಟು ಮುಖ್ಯವಾಗಿ ಎರಡು. ಒಂದು, ‘ಕಸಬಾ’ ಎಂದಷ್ಟೇ ಬರೆದಿಟ್ಟುಕೊಳ್ಳುವುದು. ತಾಲ್ಲೂಕಿಗೊಂದು ಕಸಬಾ ಹೋಬಳಿ ಇರುತ್ತದೆ. ಆರು ತಿಂಗಳಾದ ಮೇಲೆ ಅದು ಯಾವ ಕಸಬಾ ಎಂದು ನಿಮಗೇ ನೆನಪಿರುವುದಿಲ್ಲ. ತಾಲ್ಲೂಕಿನ ಹೆಸರು ಸೇರಿಸಿಯೇ ಬರೆಯಿರಿ. ಇನ್ನೊಂದು, ಆದೇಶದಲ್ಲಿರುವುದು ಕಂದಾಯ ಗ್ರಾಮ, ಜನ ಹೇಳುವುದು ಮಜರೆಯ (ಆ ಗ್ರಾಮಕ್ಕೆ ಸೇರಿದ ಸಣ್ಣ ಊರಿನ) ಹೆಸರು. ಹಳ್ಳಿ ಪಟ್ಟಿಯಲ್ಲಿ ಇಲ್ಲವೆಂದು ಕೈಬಿಡುವ ಮೊದಲು ಅದು ಯಾವ ಗ್ರಾಮದ ಮಜರೆ ಎಂದು ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ನೋಡಿ. ಬೇಚರಾಕ್, ಅಂದರೆ ಜನವಸತಿ ಇಲ್ಲದ ಗ್ರಾಮಗಳೂ ಪಟ್ಟಿಯಲ್ಲಿ ಇರುತ್ತವೆ. ಅಲ್ಲಿ ಮತದಾರರೇ ಇಲ್ಲವಲ್ಲ ಎಂದು ಗಾಬರಿಯಾಗಬೇಡಿ.

1956ರ ಹಿಂದಿನದನ್ನು ಹುಡುಕುವಾಗ ರಾಜ್ಯವೇ ಬೇರೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡದ 1952ರ ಫಲಿತಾಂಶ ಮುಂಬಯಿ ರಾಜ್ಯದ ವರದಿಯಲ್ಲಿದೆ. ರಾಯಚೂರು, ಗುಲ್ಬರ್ಗ, ಬೀದರಿನದು ಹೈದರಾಬಾದಿನಲ್ಲಿ. ದಕ್ಷಿಣ ಕನ್ನಡದ್ದು ಮದ್ರಾಸಿನಲ್ಲಿ. ಕೊಡಗಿಗೆ ಅದರದೇ 24 ಸದಸ್ಯರ ಸಭೆ ಇತ್ತು. ಸಂತೆಮರಹಳ್ಳಿಯ ಪಕ್ಕದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಯಳಂದೂರು ಮೈಸೂರು ರಾಜ್ಯದಲ್ಲಿತ್ತು, ಕೂಗಳತೆಯ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದು ಇವೆರಡೂ ಒಂದೇ ಕ್ಷೇತ್ರದಲ್ಲಿವೆ, 1952ರ ಅಂಕಿಗಳು ಮಾತ್ರ ಎರಡು ರಾಜ್ಯಗಳ ವರದಿಯಲ್ಲಿ. ಜಿಲ್ಲೆಯ ಹೆಸರಿಗೂ ಇದೇ ಎಚ್ಚರ ಬೇಕು: ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ, ಆದ್ದರಿಂದ 1994ರವರೆಗಿನ ಸುದ್ದಿಯನ್ನು ಮೈಸೂರು ಜಿಲ್ಲೆಯ ಪುಟದಲ್ಲಿ ಹುಡುಕಬೇಕು.

ಅಂಕಿ ಇಳಿಸಿಕೊಳ್ಳುವ ಕ್ರಮ

ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ಸಾರ್ವತ್ರಿಕ ಚುನಾವಣೆಯ ಅಂಕಿಅಂಶ ವರದಿ ಪಿಡಿಎಫ್ ಆಗಿ ಸಿಗುತ್ತದೆ. ಅದರಲ್ಲಿ ನಿಮಗೆ ಬೇಕಾದ ಭಾಗ ಎರಡು. ಒಂದು ಕ್ಷೇತ್ರವಾರು ಸಾರಾಂಶ: ನಾಮಪತ್ರ ಎಷ್ಟು, ತಿರಸ್ಕೃತ ಎಷ್ಟು, ಕಣದಲ್ಲಿ ಉಳಿದವರು, ಮತದಾರರು, ಚಲಾಯಿತ ಮತ, ಅಸಿಂಧು ಮತ, ಮತಗಟ್ಟೆ ಸಂಖ್ಯೆ. ಇನ್ನೊಂದು ಅಭ್ಯರ್ಥಿವಾರು ವಿವರ. ಅಶೋಕ ವಿಶ್ವವಿದ್ಯಾಲಯದ ‘ಲೋಕ್ ಢಾಬಾ’ ದತ್ತಾಂಶ ಬಳಸಿದರೆ ಟೈಪ್ ಮಾಡುವ ಶ್ರಮ ಉಳಿಯುತ್ತದೆ. ಆದರೂ ನಿಮ್ಮದು ಒಂದೇ ಕ್ಷೇತ್ರ, ಹತ್ತು-ಹನ್ನೆರಡು ಪುಟದ ಕೆಲಸ. ಮೂಲ ಪುಟವನ್ನು ಕಣ್ಣಾರೆ ನೋಡಿ.

ಎಕ್ಸೆಲ್ ಹಾಳೆಯಲ್ಲಿ ಅಭ್ಯರ್ಥಿಗೆ ಒಂದು ಸಾಲು ಕೊಡಿ, ಚುನಾವಣೆಗೆ ಒಂದು ಸಾಲಲ್ಲ. ಕಾಲಂಗಳು: ವರ್ಷ, ಗಡಿ ಆದೇಶ, ಮೀಸಲಾತಿ, ಅಭ್ಯರ್ಥಿ, ಆ ದಿನ ಪಕ್ಷಕ್ಕಿದ್ದ ಹೆಸರು, ಮತ, ಠೇವಣಿ ಉಳಿಯಿತೇ, ಮೂಲದ ಪುಟಸಂಖ್ಯೆ. ಕ್ಷೇತ್ರದ ಕ್ರಮಸಂಖ್ಯೆಯನ್ನು ಗುರುತಿಗೆ ಬಳಸಬೇಡಿ. ಕೊಳ್ಳೇಗಾಲ 222 ಆದದ್ದು 2008ರ ಆದೇಶದಿಂದ. ಹಳೆಯ ಪಟ್ಟಿಯ 222ಕ್ಕೂ ಅದಕ್ಕೂ ತಾಳೆ ಹಾಕಿದರೆ ಬೇರೆ ಊರಿನ ಶಾಸಕರು ನಿಮ್ಮ ಪಟ್ಟಿಗೆ ಬಂದು ಕೂರುತ್ತಾರೆ.

ಇಳಿಸಿದ ಕೂಡಲೇ ಎರಡು ಕೂಡಿಕೆ ಮಾಡಿ. ಅಭ್ಯರ್ಥಿಗಳ ಮತವೆಲ್ಲ ಸೇರಿ ಸಿಂಧು ಮತಕ್ಕೆ ಸಮವಾಗಬೇಕು. ಸಿಂಧು ಮತ ಮತ್ತು ಅಸಿಂಧು ಮತ ಸೇರಿ ಚಲಾಯಿತ ಮತಕ್ಕೆ ಸಮವಾಗಬೇಕು. ಆಗದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಮಸುಕಾದ ಸ್ಕ್ಯಾನಿನಲ್ಲಿ 3 ಮತ್ತು 8, 1 ಮತ್ತು 7 ಅದಲುಬದಲಾಗಿರುತ್ತವೆ. ವ್ಯತ್ಯಾಸ 5, 50, 500 ಅಥವಾ 6, 60, 600 ಬಂದರೆ ಅಲ್ಲೇ ಹುಡುಕಿ.

ಶೇಕಡಾವಾರು ಅಂಕಿಯನ್ನು ಮಾತ್ರ ಇಟ್ಟುಕೊಂಡು ಮೂಲ ಮತಸಂಖ್ಯೆ ಬಿಡುವವರಿಗೆ ಸಂತೆಮರಹಳ್ಳಿಯೇ ಪಾಠ. ಇಬ್ಬರ ಮತ ಕೂಡಿದರೆ 81,503. ಅದರಲ್ಲಿ ಒಂದು ಮತವೆಂದರೆ ಶೇ 0.0012. ಎರಡು ದಶಮಾಂಶಕ್ಕೆ ನಿಲ್ಲಿಸಿದರೆ ಗೆಲುವಿನ ಅಂತರ ‘0.00’ ಎಂದು ಬರುತ್ತದೆ, ಓದಿದವರು ಟೈ ಆಗಿತ್ತು ಅಂದುಕೊಳ್ಳುತ್ತಾರೆ. ಅಂದಹಾಗೆ ಸೋತವರ ಕಾರಿನ ಚಾಲಕನೇ ಮತ ಹಾಕಿರಲಿಲ್ಲ ಎಂಬ ಮಾತು ಈ ಫಲಿತಾಂಶದ ಜೊತೆ ಇಂದಿಗೂ ಓಡಾಡುತ್ತದೆ. ಯಾರು ಮತ ಹಾಕಿದರು, ಯಾರು ಹಾಕಲಿಲ್ಲ ಎಂಬುದು ಫಲಿತಾಂಶದ ಹಾಳೆಯಲ್ಲಿ ಇರುವುದಿಲ್ಲ. ಬರೆಯುವುದಾದರೆ ಜನರ ಮಾತು ಎಂದೇ ಬರೆಯಿರಿ.

ಅಂಕಿ ಜಿಗಿದಾಗ ಕಾರಣ ಹುಡುಕುವುದು

1985ರಿಂದ 1989ಕ್ಕೆ ಮತದಾರರ ಸಂಖ್ಯೆ ದಿಢೀರನೆ ಏರಿರುತ್ತದೆ. ವಲಸೆಯೂ ಅಲ್ಲ, ನಕಲಿ ಹೆಸರೂ ಅಲ್ಲ: 61ನೇ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತ್ತು. 2004ರಲ್ಲಿ ಅಸಿಂಧು ಮತ ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಆ ವರ್ಷ ಮತಯಂತ್ರ ಬಂತು, ಉಳಿದ ತಿರಸ್ಕೃತ ಮತ ಅಂಚೆಯದು. ‘ಮತದಾರ ಜಾಗೃತನಾದ’ ಎಂದೆಲ್ಲ ಬರೆಯುವ ಅಗತ್ಯವಿಲ್ಲ.

1994 ಮತ್ತು 1999ರ ನಡುವೆ ಪಕ್ಷೇತರರ ಸಾಲು ಗಿಡ್ಡವಾಗಿದ್ದರೆ ಠೇವಣಿ ನೋಡಿ. 1996ರ ತಿದ್ದುಪಡಿಯವರೆಗೆ ವಿಧಾನಸಭೆಗೆ ಠೇವಣಿ 250 ರೂಪಾಯಿ ಇತ್ತು, ಆ ತಿದ್ದುಪಡಿಯಿಂದ 5,000 ಆಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರರ್ಧ. ಹಾಗಾಗಿ ಸಂತೆಮರಹಳ್ಳಿಯಂಥ ಮೀಸಲು ಕ್ಷೇತ್ರದಲ್ಲಿ ಕಣದಲ್ಲಿರುವ ಎಲ್ಲರೂ ಅರ್ಧ ಠೇವಣಿಯವರೇ. ಅಕ್ಕಪಕ್ಕದ ಸಾಮಾನ್ಯ ಕ್ಷೇತ್ರದೊಂದಿಗೆ ಪಕ್ಷೇತರರ ಸಂಖ್ಯೆ ಹೋಲಿಸುವಾಗ ಇದನ್ನು ಮರೆಯಬೇಡಿ. ಠೇವಣಿ ಉಳಿಯಲು ಸಿಂಧು ಮತದ ಆರನೇ ಒಂದು ಭಾಗ ಮೀರಬೇಕು. ಲೆಕ್ಕ ಚಲಾಯಿತ ಮತದ ಮೇಲಲ್ಲ.

1952, 1957ರ ದ್ವಿಸದಸ್ಯ ಕ್ಷೇತ್ರಗಳಲ್ಲಿ ಒಬ್ಬರಿಗೆ ಎರಡು ಮತ. ಅಭ್ಯರ್ಥಿಗಳ ಮತ ಕೂಡಿದರೆ ಬಂದ ಜನಕ್ಕಿಂತ ಹೆಚ್ಚಾಗುತ್ತದೆ, ಮತದಾನ ಶೇ 100 ದಾಟಿದಂತೆ ಕಾಣುತ್ತದೆ. ಮೀಸಲು ಸ್ಥಾನಕ್ಕೆ ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರನ್ನು ಮೊದಲು ಆರಿಸಿ, ಆಮೇಲೆ ಉಳಿದ ಎಲ್ಲರಲ್ಲಿ ಮೊದಲಿಗರಿಗೆ ಇನ್ನೊಂದು ಸ್ಥಾನ ಕೊಡುತ್ತಿದ್ದರು. ‘ಉಳಿದ ಎಲ್ಲರಲ್ಲಿ’ ಪರಿಶಿಷ್ಟ ಅಭ್ಯರ್ಥಿಗಳೂ ಸೇರುತ್ತಿದ್ದರು. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದಲ್ಲಿ ವಿ.ವಿ. ಗಿರಿಯವರು ಸೋತದ್ದು ಇದೇ ನಿಯಮದಿಂದ; ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1961ರ ಕಾಯ್ದೆ ಈ ಪದ್ಧತಿಯನ್ನೇ ತೆಗೆಯಿತು.

ಪಕ್ಷ, ಹೆಸರು, ಉಪಚುನಾವಣೆ

ಪಕ್ಷದ ಹೆಸರನ್ನು ಆ ದಿನ ಇದ್ದಂತೆಯೇ ಬರೆಯಿರಿ. 1972ರಲ್ಲಿ ಎರಡು ಕಾಂಗ್ರೆಸ್ ಕಣದಲ್ಲಿವೆ, 1978ರಲ್ಲೂ ಎರಡು, ದೇವರಾಜ ಅರಸರದು ಇಂದಿರಾ ಕಾಂಗ್ರೆಸ್. 1989ರಲ್ಲಿ ಜನತಾ ದಳ ಒಂದು ಕಡೆ, ಜನತಾ ಪಕ್ಷದ ಉಳಿದ ಬಣ ಇನ್ನೊಂದು ಕಡೆ. 1994ರಲ್ಲಿ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ, 1999ರಲ್ಲಿ ದಳ ಒಡೆದು ಜಾತ್ಯತೀತ ಮತ್ತು ಸಂಯುಕ್ತ. 1994ರ ದಳದ ಮತವನ್ನು 1999ರ ಜೆಡಿಎಸ್ ಮತದಿಂದ ಕಳೆದು ‘ಇಷ್ಟು ಕುಸಿತ’ ಎಂದು ತೋರಿಸುವುದು ತಪ್ಪು ಲೆಕ್ಕ. ಇಂಥ ಕಡೆ ಕೋಷ್ಟಕದಲ್ಲಿ ಚುಕ್ಕಿಗೆರೆ ಹಾಕಿ.

ವರದಿಗಳು ಇಂಗ್ಲಿಷಿನಲ್ಲಿರುವುದರಿಂದ ಕನ್ನಡಕ್ಕೆ ತಿರುಗಿಸುವಾಗ ಣ-ನ, ಳ-ಲ, ಹ್ರಸ್ವ-ದೀರ್ಘ ಊಹಿಸಿ ಬರೆಯಬೇಡಿ. ಅಂದಿನ ಕನ್ನಡ ಪತ್ರಿಕೆಯಲ್ಲಿ ಸರಿಯಾದ ಹೆಸರು ಸಿಗುತ್ತದೆ. ಹೆಸರಿಗೆ ಪತ್ರಿಕೆ ನಂಬಿ, ಮತಸಂಖ್ಯೆಗೆ ನಂಬಬೇಡಿ: ಎಣಿಕೆಯ ರಾತ್ರಿ ಅಚ್ಚಿಗೆ ಹೋದ ಅಂಕಿ ಅಂತಿಮವಲ್ಲ.

ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ. ಸಾತನೂರಿನ ಪಟ್ಟಿ ಮಾಡುವವರು ಎಡವುವುದು ಇಲ್ಲೇ. 1985ರಲ್ಲಿ ಎಚ್.ಡಿ. ದೇವೇಗೌಡರು ಹೊಳೆನರಸೀಪುರ, ಸಾತನೂರು ಎರಡರಲ್ಲೂ ಗೆದ್ದರು. ಸಾತನೂರಿನಲ್ಲಿ ಅವರೆದುರು ಸೋತವರು ಡಿ.ಕೆ. ಶಿವಕುಮಾರ್. ಗೌಡರು ಹೊಳೆನರಸೀಪುರ ಉಳಿಸಿಕೊಂಡು ಸಾತನೂರು ಬಿಟ್ಟರು. ವರದಿಯನ್ನಷ್ಟೇ ನೋಡಿದರೆ 1985-89ಕ್ಕೆ ಗೌಡರೇ ಸಾತನೂರಿನ ಶಾಸಕರು ಎಂದಾಗುತ್ತದೆ. ಇದಕ್ಕೆ ಪರಿಹಾರ: ವಿಧಾನಸಭೆಯ ಸದಸ್ಯರ ಪಟ್ಟಿಯನ್ನು ಅವಧಿವಾರು ತೆಗೆದು, ಹೆಸರು ಬದಲಾದಲ್ಲೆಲ್ಲ ರಾಜೀನಾಮೆಯೋ, ನಿಧನವೋ, ನ್ಯಾಯಾಲಯದ ತೀರ್ಪೋ ನೋಡಿ. ಚುನಾವಣಾ ತಕರಾರು ಅರ್ಜಿಯನ್ನು 45 ದಿನದೊಳಗೆ ಹೈಕೋರ್ಟಿಗೆ ಹಾಕಬೇಕು. 1966ಕ್ಕೂ ಮುಂಚಿನದಾದರೆ ಹೈಕೋರ್ಟಲ್ಲ, ಚುನಾವಣಾ ನ್ಯಾಯಮಂಡಳಿಯ ಆದೇಶ ಹುಡುಕಬೇಕು.

ಮತಗಟ್ಟೆ ಹಾಳೆ, ಮತ್ತು ಕ್ಷೇತ್ರ ಹೋದ ದಾರಿ

ಮತಗಟ್ಟೆವಾರು ಮತ ಬೇಕಿದ್ದರೆ ನಮೂನೆ 20 ಎಂಬ ಫಲಿತಾಂಶದ ಹಾಳೆ ಕೇಳಬೇಕು. ಹಳೆಯದು ಜಾಲತಾಣದಲ್ಲಿ ಇಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಗೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘1978ರಿಂದ ಎಲ್ಲ ದಾಖಲೆ ಕೊಡಿ’ ಎಂದರೆ ಅರ್ಜಿ ವಾಪಸ್. ‘2004ರ ವಿಧಾನಸಭಾ ಚುನಾವಣೆ, ಇಂಥ ಕ್ಷೇತ್ರ, ನಮೂನೆ 20ರ ದೃಢೀಕೃತ ಪ್ರತಿ’ ಎಂದು ಒಂದೇ ಸಾಲು ಬರೆಯಿರಿ. ಮತಪತ್ರಗಳನ್ನು ಬೆರೆಸಿ ಎಣಿಸಿದ ಚುನಾವಣೆಗಳಿಗೆ ಮತಗಟ್ಟೆವಾರು ಅಂಕಿ ಹುಟ್ಟಿಯೇ ಇರುವುದಿಲ್ಲ. ಹಾಳೆಯ ಕೊನೆಯಲ್ಲಿ ಅಂಚೆ ಮತದ ಸಾಲು ಬೇರೆ ಇರುತ್ತದೆ; ಅದನ್ನು ಬಿಟ್ಟು ಕೂಡಿದರೆ ಮೊತ್ತ ತಾಳೆಯಾಗದು. ಒಂದು ಮತದ ಅಂತರದ ಕಡೆ ಆ ಸಾಲು ಎಷ್ಟು ಮುಖ್ಯ ಎಂದು ಹೇಳಬೇಕಿಲ್ಲ.

ಕೊನೆಗೆ ಹಳೆಯ ಹೋಬಳಿ ಎಡಕ್ಕೆ, ಹೊಸ ಕ್ಷೇತ್ರ ಬಲಕ್ಕೆ ಇಟ್ಟು ಪಟ್ಟಿ ಮಾಡಿ. ಹೊಸನಗರ ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. ‘ಹೊಸನಗರ ಇಂಥದರಲ್ಲಿ ವಿಲೀನ’ ಎಂದು ಒಂದೇ ಹೆಸರು ಬರೆದರೆ ತಪ್ಪು. ಸಂತೆಮರಹಳ್ಳಿ ಹೋಬಳಿ ಮತ್ತು ಯಳಂದೂರು ತಾಲ್ಲೂಕು ಕೊಳ್ಳೇಗಾಲ ಮೀಸಲು ಕ್ಷೇತ್ರಕ್ಕೆ ಸೇರಿದವು. ಹಳೆಯ ಮತ್ತು ಹೊಸ ಮತಗಟ್ಟೆಗಳನ್ನು ಜೋಡಿಸುವಾಗ ಕ್ರಮಸಂಖ್ಯೆ ಬಿಟ್ಟು ಶಾಲೆಯ ಹೆಸರು ಹಿಡಿಯಿರಿ, ಸಂಖ್ಯೆ ಬದಲಾದರೂ ಕಟ್ಟಡ ಅದೇ ಇರುತ್ತದೆ. ಅಭ್ಯರ್ಥಿಗಳ ಜಾಡನ್ನೂ ಅದೇ ಪಟ್ಟಿಯ ಪಕ್ಕದಲ್ಲಿ ಬರೆದಿಡಿ: ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದು, 2009ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದರು, ಕೊಳ್ಳೇಗಾಲಕ್ಕೆ ಉಪಚುನಾವಣೆ ಬಂತು; ಕೃಷ್ಣಮೂರ್ತಿ 2023ರಲ್ಲಿ ಅದೇ ಕೊಳ್ಳೇಗಾಲದಿಂದ ಗೆದ್ದರು, ಈ ಸಲ ಕಾಂಗ್ರೆಸ್ಸಿನಿಂದ.