ನರ್ಸರಿ ಶುರುವಾಗುವ ಮುಂಚೆ ಮಗುವಿನ ನಿದ್ದೆಯ ಹೊತ್ತು ಬದಲಿಸಿದ್ದು

ನರ್ಸರಿಗೆ ಒಂಬತ್ತಕ್ಕೆ ತಲುಪಬೇಕಾದರೆ ಮಗು ಏಳಕ್ಕೆ ಎದ್ದಿರಬೇಕು. ನಮ್ಮ ಎರಡೂವರೆ ವರ್ಷದ ಮಗು ಆಗ ಏಳುತ್ತಿದ್ದದ್ದು 8.30ಕ್ಕೆ, ರಾತ್ರಿ ಮಲಗುತ್ತಿದ್ದದ್ದು 10ಕ್ಕೆ. ಒಂದೂವರೆ ಗಂಟೆಯ ವ್ಯತ್ಯಾಸ. ಮೂರು ದಿನಕ್ಕೊಮ್ಮೆ 15 ನಿಮಿಷ ಬೇಗ ಎಂದು ಹಿಡಿದರೆ ಆರು ಹಂತ, 18 ದಿನ. ನಡುವೆ ನೆಗಡಿ, ಜ್ವರ ಬರಬಹುದೆಂದು ಇನ್ನೊಂದು ವಾರ ಸೇರಿಸಿ 25 ದಿನ ಮುಂಚೆ ಶುರುಮಾಡಿದೆ.

ಹೆಚ್ಚಿನವರು ರಾತ್ರಿ ಬೇಗ ಮಲಗಿಸಲು ಹೊರಡುತ್ತಾರೆ. ಎಡವುವುದು ಅಲ್ಲೇ. ನಿದ್ದೆ ಬಾರದ ಮಗು ನೀರು ಬೇಕು, ಉಚ್ಚೆ ಬಂತು ಎಂದು ಗಂಟೆಗಟ್ಟಲೆ ಎದ್ದೆದ್ದು ಬರುತ್ತದೆ, ಕೊನೆಗೆ ಹಾಸಿಗೆ ಕಂಡರೇ ರಚ್ಚೆ ಹಿಡಿಯುತ್ತದೆ. ನಾನು ಬದಲಿಸಿದ್ದು ಬೆಳಗ್ಗೆ ಏಳುವ ಹೊತ್ತನ್ನು. ಎಬ್ಬಿಸಿದ ಕೂಡಲೇ ಪರದೆ ಸರಿಸಿ, 20 ನಿಮಿಷ ಹೊರಗಿನ ಬೆಳಕಿನಲ್ಲಿ ಆಡಲು ಬಿಡುತ್ತಿದ್ದೆ. ಮೈಯೊಳಗಿನ ಗಡಿಯಾರ ತಿರುಗುವುದು ಬೆಳಕಿನಿಂದ, ಬುದ್ಧಿಮಾತಿನಿಂದಲ್ಲ. ಸಂಜೆ ಅದರ ತಿರುವುಮುರುವು: ಮಲಗುವ ಒಂದು ಗಂಟೆ ಮುಂಚೆ ಟಿವಿ, ಮೊಬೈಲು ಬಂದ್, ದೊಡ್ಡ ದೀಪ ಆರಿಸಿ ಮಂಕು ದೀಪ. ರಾತ್ರಿಯ ನಿದ್ದೆ ಎರಡು ಮೂರು ದಿನ ತಡವಾಗಿ ತಾನೇ ಹಿಂಬಾಲಿಸಿತು.

ಮಧ್ಯಾಹ್ನದ ನಿದ್ದೆಯನ್ನೂ ಜೊತೆಗೇ ಸರಿಸಬೇಕು. ಎರಡೂವರೆಗೆ ಶುರುವಾಗುತ್ತಿದ್ದದ್ದನ್ನು ಒಂದಕ್ಕೆ ತಂದು, ಒಂದೂವರೆ ಗಂಟೆಗೆ ಮಿತಿ ಹಾಕಿ, ಮೂರರೊಳಗೆ ಎಬ್ಬಿಸುತ್ತಿದ್ದೆ. ಆ ಮೇಲೆ ಐದೂವರೆ ಗಂಟೆ ಎಚ್ಚರವಿದ್ದರೆ 8.30ಕ್ಕೆ ಕಣ್ಣು ತಾನಾಗಿ ಎಳೆಯುತ್ತದೆ. ಒಟ್ಟು ಲೆಕ್ಕ ಮಾತ್ರ ತಪ್ಪಬಾರದು: ಮಧ್ಯಾಹ್ನದ್ದೂ ಸೇರಿ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ತುಂಬಿದ ಮೇಲೆ 10ರಿಂದ 13.

ಹೆಗಲ ಮೇಲೆ ತೂಗಿ ಮಲಗಿಸುವ ರೂಢಿ ಇದ್ದರೆ ಅದನ್ನು ಬಿಡಿಸುವುದು ಬೇರೆಯೇ ಕೆಲಸ. ನರ್ಸರಿಯಲ್ಲಿ ಒಬ್ಬ ಆಯಾ ಎಷ್ಟು ಮಕ್ಕಳನ್ನು ತೂಗಿಯಾರು? ಮೊದಲು ಮಲಗಿಸಿ ತಟ್ಟುವುದು, ಆಮೇಲೆ ಬೆನ್ನ ಮೇಲೆ ಸುಮ್ಮನೆ ಕೈ, ಆಮೇಲೆ ಪಕ್ಕದಲ್ಲಿ ಕೂರುವುದು, ಒಂದೊಂದಕ್ಕೂ ನಾಲ್ಕೈದು ದಿನ. ಹೊತ್ತು ಬದಲಿಸುವುದಕ್ಕೆ ಇದನ್ನು ಬೆರೆಸಿದರೆ ಎರಡೂ ಕೆಡುತ್ತವೆ. ಇದು ಮುಗಿದ ಮೇಲೇ ಅದಕ್ಕೆ ಕೈಹಾಕಬೇಕು.

ನರ್ಸರಿ ಶುರುವಾದ ಮೊದಲ ಎರಡು ವಾರ ಎಲ್ಲ ಲೆಕ್ಕವೂ ಅಲುಗುತ್ತದೆ. ಹೊಸ ಜಾಗ, ಗಲಾಟೆ. ಮಧ್ಯಾಹ್ನ 40 ನಿಮಿಷ ಮಲಗಿದರೆ ಹೆಚ್ಚು. ಆ ಕೊರತೆಯನ್ನು ಸಂಜೆ ಐದಕ್ಕೆ ಮಲಗಿಸಿ ತುಂಬಬಾರದು, ರಾತ್ರಿ 7.45ಕ್ಕೇ ಮಲಗಿಸಬೇಕು. ಅತಿಯಾಗಿ ದಣಿದ ಮಗು ತೂಕಡಿಸುವುದಿಲ್ಲ, ಕುಣಿಯುತ್ತದೆ. ಅದನ್ನು ನೋಡಿ ‘ಇನ್ನೂ ನಿದ್ದೆ ಬಂದಿಲ್ಲ’ ಅಂದುಕೊಂಡರೆ ನಡುರಾತ್ರಿ ಅಳು, ಬೆಳಗ್ಗೆ ಐದಕ್ಕೇ ಎಚ್ಚರ. ಅಗಲಿಕೆಯ ಭಯಕ್ಕೆ ರಾತ್ರಿ ಎದ್ದರೆ ದೀಪ ಹಾಕದೆ, ‘ಇಲ್ಲೇ ಇದ್ದೇನೆ, ಮಲಗು ಕಂದ’ ಎಂದು ಬೆನ್ನು ಸವರಿದರೆ ಸಾಕು.

ವಾಪಸು ಬರುವಾಗ ಗಾಡಿಯಲ್ಲಿ ಹಿಡಿಯುವ ಹತ್ತು ನಿಮಿಷದ ಜೊಂಪೇ ದೊಡ್ಡ ಕಳ್ಳ. ರಾತ್ರಿಯ ನಿದ್ದೆಯನ್ನು ಒಂದು ಗಂಟೆ ತಳ್ಳಿಬಿಡುತ್ತದೆ. ತಿನ್ನಲು ಏನಾದರೂ ಕೊಟ್ಟು, ಮಾತಾಡಿಸುತ್ತಾ ಕರೆತರುವುದೇ ದಾರಿ. ಅದಕ್ಕಾಗಿ ಕರೆದುಕೊಳ್ಳುವಾಗ ಟೀಚರನ್ನು ನಾನು ತಪ್ಪದೆ ಕೇಳುತ್ತಿದ್ದದ್ದು ಒಂದೇ: ಇವತ್ತು ಎಷ್ಟು ಹೊತ್ತಿಗೆ ಮಲಗಿತು, ಎಷ್ಟಕ್ಕೆ ಎದ್ದಿತು? ರಾತ್ರಿ ಎಷ್ಟಕ್ಕೆ ಮಲಗಿಸಬೇಕು ಎನ್ನುವುದು ಆ ಉತ್ತರದ ಮೇಲೆ. ರಜಾದಿನವೂ ಏಳುವ ಹೊತ್ತನ್ನು 30 ನಿಮಿಷಕ್ಕಿಂತ ಹೆಚ್ಚು ಸಡಿಲಿಸಲಿಲ್ಲ.