ಸ್ಲೈಡ್‌ಗಳನ್ನು ಚಿತ್ರ ಮಾಡಿಟ್ಟುಕೊಳ್ಳಿ, ಅಕ್ಷರ ಕೆಡುವುದಿಲ್ಲ

ಮುಂಬೈನ ಮಾಟುಂಗಾದ ಸಭಾಂಗಣದ ಲ್ಯಾಪ್‌ಟಾಪ್‌ನಲ್ಲಿ ನುಡಿ ಫಾಂಟ್ ಇರಲಿಲ್ಲ. ರಾಜ್ಯೋತ್ಸವದ ಸ್ಲೈಡ್‌ಗಳ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್ ಬಳಸಿದರೆ ಆಗುವುದೇ ಹೀಗೆ. ಪ್ರತಿ ಸ್ಲೈಡನ್ನೂ ಚಿತ್ರವಾಗಿಸಿದ ಮೇಲೆ ಆ ತಲೆನೋವು ಹೋಯಿತು.

ಪವರ್‌ಪಾಯಿಂಟ್‌ನಲ್ಲಿ ಸೇವ್ ಆ್ಯಸ್‌ಗೆ ಹೋಗಿ ಪಿಎನ್‌ಜಿ ಆರಿಸಿ, ಆಲ್ ಸ್ಲೈಡ್ಸ್ ಒತ್ತಿ. ಜೆಪೆಗ್ ಬೇಡ, ಒತ್ತಕ್ಷರಗಳ ಅಂಚು ಮಸುಕಾಗುತ್ತದೆ. ಟೆಂಪ್ಲೇಟ್ ಆದರೆ ಒಂದೊಂದು ಲೇಔಟ್‌ಗೂ ಒಂದು ಸ್ಲೈಡ್ ಸೇರಿಸಲೇಬೇಕು. ಸೇರಿಸದ ಲೇಔಟ್ ಹೊರಬರುವುದಿಲ್ಲ, ಖಾಲಿ ಚೌಕಗಳೂ ಚಿತ್ರದಲ್ಲಿ ಕಾಣುವುದಿಲ್ಲ.

ವಿಂಡೋಸ್‌ನಲ್ಲಿ ಸಿಗುವುದು 96 ಡಿಪಿಐ (ಇಂಚಿಗೆ 96 ಚುಕ್ಕಿ), ಅಂದರೆ ಅಗಲ ಸ್ಲೈಡಿಗೆ 1280×720 ಪಿಕ್ಸೆಲ್. ದೊಡ್ಡ ಪರದೆಗೆ ಸಾಲದು. ಪವರ್‌ಪಾಯಿಂಟ್ ಮುಚ್ಚಿ, ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ) ಅದರ ಆಪ್ಷನ್ಸ್ ಕೀಲಿಯೊಳಗೆ ಎಕ್ಸ್‌ಪೋರ್ಟ್‌ಬಿಟ್‌ಮ್ಯಾಪ್‌ರೆಸಲ್ಯೂಶನ್ ಎಂಬ ಡಿವರ್ಡ್, ಅಂದರೆ ಸಂಖ್ಯೆಯ ನಮೂದು, ಸೃಷ್ಟಿಸಿ (ಹೆಸರು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ: ExportBitmapResolution) 144 ಹಾಕಿದರೆ 1920×1080 ಬರುತ್ತದೆ. ಡೆಸಿಮಲ್ ಆರಿಸದೆ ಹಾಗೇ 144 ಬರೆದರೆ ಅದನ್ನು ಹೆಕ್ಸಾಡೆಸಿಮಲ್ (16ರ ಎಣಿಕೆ) ಎಂದು ಓದುವುದರಿಂದ ಅದು 324 ಆಗಿ, ಕಡತಗಳು ಬೇಡದಷ್ಟು ಉಬ್ಬುತ್ತವೆ.

ಅನಿಮೇಷನ್‌ನಲ್ಲಿ ಒಂದರ ಮೇಲೊಂದು ಬರುವ ಪಠ್ಯವನ್ನು ಮೊದಲೇ ಬೇರೆ ಬೇರೆ ಸ್ಲೈಡ್ ಮಾಡಿ, ಇಲ್ಲದಿದ್ದರೆ ಎಲ್ಲವೂ ಒಂದೇ ಚಿತ್ರದಲ್ಲಿ ರಾಶಿ. ಪೆನ್‌ಡ್ರೈವ್‌ನಿಂದ ಟಿವಿಗೆ ಹಾಕುವವರು ಹೆಸರುಗಳನ್ನು 01, 02 ಎಂದು ಬದಲಿಸಿ. ಕೆಲವು ಟಿವಿಗಳಲ್ಲಿ 1ರ ಬೆನ್ನಿಗೇ 10 ಬಂದು ನಿಲ್ಲುತ್ತದೆ.